ಪೈಪ್ ಇನ್ನೂ ಯಾಕಿದೆ: ರಾಯಚೂರಿನ ಒಂದು ಐಸಿಯುನಲ್ಲಿ ಸೋಂಕು ತಡೆಯುವ ಕೆಲಸ

ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ನಾನು ಸೋಂಕು ನಿಯಂತ್ರಣ ನರ್ಸ್. ಇಂಥದ್ದೊಂದು ಹುದ್ದೆ ಇದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮೊದಲು ನಾನೂ ಎಲ್ಲರಂತೆ ವಾರ್ಡ್ ಡ್ಯೂಟಿ ಮಾಡುತ್ತಿದ್ದೆ. ಇಂಜೆಕ್ಷನ್, ಡ್ರೆಸ್ಸಿಂಗ್, ಕೇಸ್ ಶೀಟ್. ಆಮೇಲೆ ಈ ಕೆಲಸಕ್ಕೆ ಹಾಕಿದರು. ಈಗ ನನಗೆ ಅಂತ ಯಾವ ಬೆಡ್ಡೂ ಇಲ್ಲ, ಎಲ್ಲ ಬೆಡ್‌ಗಳ ಹತ್ತಿರವೂ ಹೋಗಬೇಕು. ಆಸ್ಪತ್ರೆಗೆ ಬರುವಾಗ ಇರದಿದ್ದ ಸೋಂಕು ಬಂದ ಮೇಲೆ ಯಾರಿಗೆ ಹತ್ತಿತು, ಎಲ್ಲಿಂದ ಹತ್ತಿತು, ಪಕ್ಕದ ಬೆಡ್‌ನವರಿಗೆ ಹತ್ತದ ಹಾಗೆ ಏನು ಮಾಡಬೇಕು ಎಂದು ನೋಡುವುದೇ ನನ್ನ ಕೆಲಸ.

ಸಾಮಾನ್ಯವಾಗಿ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ನಾವು ಆಸ್ಪತ್ರೆಯ ಸೋಂಕು ಎಂದು ಲೆಕ್ಕ ಹಿಡಿಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ವರದಿ ಕೊಟ್ಟಿತ್ತು. ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ರೋಗಿಗಳಲ್ಲಿ 7 ಜನರಿಗೆ ಇಂಥ ಸೋಂಕು ತಗಲುತ್ತದೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಜನರಿಗೆ. ಆ 15 ಅನ್ನೋ ಅಂಕಿ ನನ್ನನ್ನು ತುಂಬಾ ಕಾಡಿತು. ನಮ್ಮಲ್ಲಿಗೆ ಬರುವವರು ದೇವದುರ್ಗ, ಮಾನ್ವಿ, ಮಸ್ಕಿ, ಲಿಂಗಸುಗೂರು ಕಡೆಯವರು. ಗಡಿ ಆಚೆ ಗದ್ವಾಲ್ ಕಡೆಯಿಂದಲೂ ಬರುತ್ತಾರೆ. ಹೆಚ್ಚಿನವರು ಸಾಲ ಮಾಡಿಕೊಂಡೇ ಬಂದಿರುತ್ತಾರೆ. ಅವರಿಗೆ ವಾಸಿ ಮಾಡಿ ಕಳಿಸಬೇಕಾದ ಜಾಗದಲ್ಲೇ ಇನ್ನೊಂದು ಕಾಯಿಲೆ ಹತ್ತಿದರೆ ಅದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

ಕೆಲಸ ಶುರುವಾಗಿದ್ದು ಎಣಿಕೆಯಿಂದ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಐಸಿಯುಗೆ ಹೋಗಿ, ಎಷ್ಟು ರೋಗಿಗಳಿದ್ದಾರೆ, ಅದರಲ್ಲಿ ಎಷ್ಟು ಜನರಿಗೆ ಮೂತ್ರದ ಪೈಪ್ (ಕ್ಯಾಥೆಟರ್) ಇದೆ, ಎಷ್ಟು ಜನರಿಗೆ ವೆಂಟಿಲೇಟರ್, ಎಷ್ಟು ಜನರಿಗೆ ಕುತ್ತಿಗೆಯ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಎಂದು ಬರೆದುಕೊಳ್ಳಬೇಕು. ಒಬ್ಬ ರೋಗಿಗೆ ಒಂದು ದಿನ ಪೈಪ್ ಇದ್ದರೆ ಅದು ಒಂದು ಕ್ಯಾಥೆಟರ್ ದಿನ. ತಿಂಗಳ ಕೊನೆಗೆ ಅವನ್ನೆಲ್ಲ ಕೂಡಿಸಿ, 1000 ಕ್ಯಾಥೆಟರ್ ದಿನಕ್ಕೆ ಎಷ್ಟು ಸೋಂಕು ಎಂದು ಲೆಕ್ಕ ಹಾಕಬೇಕು. ಕೇಳೋಕೆ ಬೇಜಾರಿನ ಕೆಲಸ ಅನಿಸುತ್ತದೆ. ಆದರೆ ಪೈಪ್ ಎಣಿಸಲು ಬೆಡ್ ಪಕ್ಕ ನಿಂತಾಗಲೇ ಬೇರೆ ಎಲ್ಲವೂ ಕಣ್ಣಿಗೆ ಬೀಳಲು ಶುರುವಾಯಿತು.

ಮೊದಲು ಕಂಡಿದ್ದು ಜಗ್. ಯೂರಿನ್ ಬ್ಯಾಗ್ ತುಂಬಿದಾಗ ಖಾಲಿ ಮಾಡಲು ಇಡೀ ಐಸಿಯುಗೆ ಒಂದೇ ಪ್ಲಾಸ್ಟಿಕ್ ಜಗ್ ಇತ್ತು. ಒಂದು ಬೆಡ್‌ನ ಬ್ಯಾಗಿನ ಮೂತಿ ಅದಕ್ಕೆ ತಾಗುತ್ತಿತ್ತು, ಅದೇ ಜಗ್ ಪಕ್ಕದ ಬೆಡ್‌ಗೆ ಹೋಗುತ್ತಿತ್ತು. ಹಾಕಿದ ಗ್ಲೌಸ್ ಕೂಡ ಅದೇ. ಒಬ್ಬರ ಮೂತ್ರದಲ್ಲಿದ್ದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇಡೀ ಸಾಲಿಗೆ ಹಬ್ಬಲು ಇದಕ್ಕಿಂತ ಸುಲಭದ ದಾರಿ ಬೇಕಾ? ಆಮೇಲೆ ಸ್ಟ್ರೆಚರ್. ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಬ್ಯಾಗನ್ನು ಅವರ ಹೊಟ್ಟೆ ಮೇಲೆ ಇಡುತ್ತಿದ್ದರು. ಬ್ಯಾಗಿನಲ್ಲಿ ವಾಲ್ವ್ ಇದ್ದರೂ ಟ್ಯೂಬಿನಲ್ಲಿ ನಿಂತ ಮೂತ್ರ ಮೂತ್ರಕೋಶಕ್ಕೆ ವಾಪಸ್ ಹರಿಯುತ್ತದೆ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಎಲ್ಲರೂ ಓದಿದ ಮಾತೇ. ಆದರೆ ಸ್ಟ್ರೆಚರ್‌ಗೆ ಬ್ಯಾಗ್ ನೇತು ಹಾಕುವ ಕೊಕ್ಕೆಯೇ ಇರಲಿಲ್ಲ. ವಾರ್ಡ್ ಬಾಯ್ ಬೇರೆ ಏನು ಮಾಡಬೇಕಿತ್ತು? ಪ್ರತಿ ಬೆಡ್‌ಗೂ ನಂಬರ್ ಬರೆದ ಬೇರೆ ಬೇರೆ ಜಗ್ ಬಂದವು. ಸ್ಟ್ರೆಚರ್‌ಗಳಿಗೆ ಕೊಕ್ಕೆ ಬೆಸುಗೆ ಹಾಕಿಸಿದೆವು. ಇವೆರಡಕ್ಕೂ ಆದ ಖರ್ಚು ತೀರಾ ಕಡಿಮೆ.

ಆದರೆ ದೊಡ್ಡ ಪ್ರಶ್ನೆ ಬೇರೆಯೇ ಇತ್ತು. ಈ ಪೈಪ್ ಇನ್ನೂ ಯಾಕಿದೆ?

ಕ್ಯಾಥೆಟರ್ ಒಳಗೆ ಇದ್ದಷ್ಟು ಕಾಲ, ಪ್ರತಿ ದಿನಕ್ಕೆ ಶೇಕಡಾ 3ರಿಂದ 7ರಷ್ಟು ರೋಗಿಗಳ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಅವು ಪೈಪಿನ ಮೈಗೆ ಲೋಳೆ ಪದರದಂತೆ ಅಂಟಿಕೊಂಡು ಕೂರುತ್ತವೆ. ಆ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಮುಂಚೆಯೇ ಆಂಟಿಬಯಾಟಿಕ್ ಕೊಟ್ಟು ಇದನ್ನು ತಡೆಯಲು ಆಗುವುದಿಲ್ಲ. ಹಾಗೆ ಕೊಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತವೆ, ಅಷ್ಟೇ. ಬೇಡವಾದ ಪೈಪನ್ನು ಬೇಗ ತೆಗೆಯುವುದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಒಬ್ಬ ಅಜ್ಜನ ವಿಷಯ ಹೇಳಬೇಕು. ಮಾನ್ವಿ ಕಡೆಯವರು, ರೈತರು. ಬೇರೆ ಕಾಯಿಲೆಗೆ ಸೇರಿದ್ದರು, ಅದು ಬೇಗ ಹತೋಟಿಗೆ ಬಂತು. ಎದ್ದು ಕೂರುತ್ತಿದ್ದರು, ಗಂಜಿ ಕುಡಿಯುತ್ತಿದ್ದರು. ಪೈಪ್ ಮಾತ್ರ ಹಾಗೇ ಇತ್ತು. ತೆಗೀರಿ ಎಂದು ಯಾರೂ ಬರೆದಿರಲಿಲ್ಲ, ಇರಲಿ ಎಂದೂ ಯಾರೂ ಬರೆದಿರಲಿಲ್ಲ. ನಂತರ ಚಳಿ ಜ್ವರ ಬಂತು, ಬಿಪಿ ಇಳಿಯಿತು. ಕಲ್ಚರ್‌ನಲ್ಲಿ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಕ್ಲೆಬ್ಸಿಯೆಲ್ಲಾ ಬಂತು. ರಿಪೋರ್ಟ್ ಹಾಳೆಯಲ್ಲಿ ಸಾಲು ಸಾಲಾಗಿ ಔಷಧಿಗಳ ಹೆಸರು, ಬಹುತೇಕ ಎಲ್ಲದರ ಮುಂದೆ ರೆಸಿಸ್ಟೆಂಟ್, ಅಂದರೆ ಈ ಔಷಧಿಗೆ ಬಗ್ಗದು ಎಂದೇ ಇತ್ತು. ಕೊನೆಗೆ ತುಂಬಾ ದುಬಾರಿ ಇಂಜೆಕ್ಷನ್ ಹಾಕಬೇಕಾಯಿತು. ಅಜ್ಜ ಉಳಿದರು. ಆದರೆ ಅದು ಹತ್ತಿ ಬಿಡಿಸುವ ಕಾಲ. ಮಗ, ಸೊಸೆ ಇಬ್ಬರೂ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು, ಊರಲ್ಲಿ ಹತ್ತಿ ಹೊಲದಲ್ಲೇ ಇತ್ತು. ಆ ಜ್ವರದ ಲೆಕ್ಕ ನನ್ನ ರಿಜಿಸ್ಟರ್‌ನಲ್ಲಿ ಒಂದು ಗೆರೆ. ಆ ಮನೆಗೆ ಅದೊಂದು ವರ್ಷದ ದುಡಿಮೆ.

ಅದಾದ ಮೇಲೆ ನಮ್ಮ ಸೋಂಕು ನಿಯಂತ್ರಣ ಸಮಿತಿಯಲ್ಲಿ ಮೈಕ್ರೋಬಯಾಲಜಿ ಡಾಕ್ಟರ್ ಜೊತೆ ಕೂತು, ಪೈಪ್ ಯಾವ ಕಾರಣಕ್ಕೆ ಇರಬಹುದು ಎಂದು ಗಟ್ಟಿ ಮಾಡಿಕೊಂಡೆವು. ಮೂತ್ರ ಕಟ್ಟಿಕೊಂಡಿದ್ದರೆ, ತೀರಾ ಗಂಭೀರವಾಗಿದ್ದು ಗಂಟೆಗೊಮ್ಮೆ ಮೂತ್ರ ಅಳೆಯಲೇಬೇಕಿದ್ದರೆ, ಕೆಲವು ಆಪರೇಷನ್‌ಗಳಿಗೆ, ಮೂತ್ರ ತಡೆದುಕೊಳ್ಳಲಾಗದವರಿಗೆ ಕೆಳಬೆನ್ನಿನಲ್ಲಿ ಹುಣ್ಣಾಗಿದ್ದರೆ, ಬೆನ್ನುಮೂಳೆ ಮುರಿದು ಅಲ್ಲಾಡುವಂತಿಲ್ಲದಿದ್ದರೆ, ಕೊನೆಗಾಲದಲ್ಲಿ ನೋವಾಗದಿರಲಿ ಎಂದು. ಬೆಡ್ ಒದ್ದೆಯಾಗುತ್ತದೆ ಅನ್ನೋದು ಕಾರಣವಲ್ಲ. ಬೆಡ್‌ಪ್ಯಾನ್ ಕೊಡಲು ಜನ ಸಾಲದು ಅನ್ನೋದೂ ಕಾರಣವಲ್ಲ. ಇದನ್ನು ಬರೆಯುವುದು ಸುಲಭ. ರಾತ್ರಿ ಪಾಳಿಯಲ್ಲಿ ಐಸಿಯು ತುಂಬಾ ರೋಗಿಗಳನ್ನು ನೋಡಿಕೊಳ್ಳುವ ಇಬ್ಬರು ಹುಡುಗಿಯರಿಗೆ ಇದನ್ನು ಹೇಳುವುದು ಸುಲಭವಲ್ಲ. ಅವರ ಕಷ್ಟ ನನಗೆ ಗೊತ್ತು, ನಾನೂ ಅದೇ ಪಾಳಿ ಮಾಡಿ ಬಂದವಳು. ಹಾಗಾಗಿ ಕಾಂಡೋಮ್ ಕ್ಯಾಥೆಟರ್ (ಗಂಡಸರಿಗೆ ಹೊರಗಿನಿಂದಲೇ ಹಾಕುವಂಥದ್ದು), ಹೆಚ್ಚು ಬೆಡ್‌ಪ್ಯಾನ್, ತೂಕ ನೋಡಿ ಮೂತ್ರ ಲೆಕ್ಕ ಹಾಕಬಹುದಾದ ಡೈಪರ್ ಇವೆಲ್ಲ ಐಸಿಯು ಕಪಾಟಿಗೆ ಬರುವವರೆಗೆ ನಾನು ಯಾರಿಗೂ ಜೋರು ಮಾಡಿ ಹೇಳಲಿಲ್ಲ.

ಕೇಸ್ ಶೀಟ್‌ನಲ್ಲಿ ಒಂದು ಸಾಲು ಸೇರಿಸಿದೆವು. ಪೈಪ್ ಹಾಕಿದ ತಾರೀಕು, ಇಂದು ಬೇಕಾ, ಯಾಕೆ. ಬೆಳಗಿನ ರೌಂಡ್ಸ್‌ನಲ್ಲಿ ಆ ಬೆಡ್‌ನ ನರ್ಸ್ ಅದನ್ನು ಬಾಯಿ ಬಿಟ್ಟು ಕೇಳಬೇಕು. ಮೊದಮೊದಲು ಹುಡುಗಿಯರಿಗೆ ಹೆದರಿಕೆ. ದೊಡ್ಡ ಡಾಕ್ಟರ್ ಮುಂದೆ ನಿಂತು "ಸರ್, ಪೈಪ್ ತೆಗೀಲಾ?" ಎಂದು ಕೇಳುವುದು ನಮ್ಮ ಕಡೆ ಸಣ್ಣ ಮಾತಲ್ಲ. ಕೆಲವು ಡಾಕ್ಟರ್‌ಗಳಿಗೂ ಇದು ಸರಿ ಬರಲಿಲ್ಲ. ಒಬ್ಬ ಹಿರಿಯ ಫಿಸಿಷಿಯನ್ ಮಾತ್ರ ಒಂದು ಹೆಜ್ಜೆ ಮುಂದೆ ಹೋದರು. ನರ್ಸ್ ಕೇಳದಿದ್ದರೆ ಅವರೇ ನಿಂತು, "ಇವತ್ತಿನ ಪ್ರಶ್ನೆ ಎಲ್ಲಿ ಸಿಸ್ಟರ್?" ಎಂದು ಕೇಳತೊಡಗಿದರು. ಅವರು ಕೇಳಿದ ಮೇಲೆ ಮಿಕ್ಕವರಿಗೂ ಅಭ್ಯಾಸ ಆಯಿತು. ಈ ಕೆಲಸ ನಡೆಯುವುದು ಇಂಥವರಿಂದಲೇ ಎಂದು ನಾನು ನಂಬಿದ್ದೇನೆ.

ಮನೆಯವರನ್ನು ಒಪ್ಪಿಸುವುದು ಇನ್ನೊಂದು ಕಥೆ. "ಪೈಪ್ ಯಾಕ್ರೀ ತೆಗೀತೀರಿ, ಇರ್ಲಿ ಬಿಡ್ರಿ, ಅವ್ವಗ ಏಳಾಕ ಆಗಂಗಿಲ್ಲ" ಅನ್ನುತ್ತಾರೆ. ಪೈಪ್ ಇದ್ದರೆ ಒಳ್ಳೆ ಟ್ರೀಟ್‌ಮೆಂಟ್ ನಡೀತಿದೆ ಎಂದೇ ಎಷ್ಟೋ ಜನರ ನಂಬಿಕೆ. ನಮ್ಮ ಆಸ್ಪತ್ರೆಗಳಲ್ಲಿ ಅರ್ಧ ಆರೈಕೆ ಮಾಡುವವರು ಮನೆಯವರೇ. ಮೈ ಒರೆಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಬ್ಯಾಗ್ ಎತ್ತಿ ಹಿಡಿಯುವುದು ಎಲ್ಲ. ಅವರಿಗೆ ಕಲಿಸದೆ ನರ್ಸ್‌ಗಳಿಗೆ ಮಾತ್ರ ತರಬೇತಿ ಕೊಟ್ಟರೆ ಏನು ಉಪಯೋಗ? ಗೋಡೆಗೆ ಕನ್ನಡ ಬೋರ್ಡ್ ಹಾಕಿದೆವು. ಬಂದವರಲ್ಲಿ ಕೆಲವರಿಗೆ ತೆಲುಗು ಮಾತ್ರ ಬರುತ್ತದೆ, ಕೆಲವರಿಗೆ ಉರ್ದು, ಇನ್ನು ಕೆಲವರಿಗೆ ಓದಲೇ ಬರುವುದಿಲ್ಲ. ಹಾಗಾಗಿ ಒಂದು ಹೊಸ ಬ್ಯಾಗ್ ಮತ್ತು ಟ್ಯೂಬ್ ತಗೊಂಡು, ಅರಿಶಿನ ಕಲಸಿದ ನೀರು ತುಂಬಿ ತೋರಿಸಲು ಶುರು ಮಾಡಿದೆ. ಟ್ಯೂಬ್ ಮೇಲೆತ್ತಿದರೆ ಹಳದಿ ನೀರು ಹಿಂದಕ್ಕೆ ಓಡುವುದು ಎಲ್ಲರಿಗೂ ಕಾಣುತ್ತದೆ. ಭಾಷೆ ಬೇಕಾಗಲಿಲ್ಲ. ಒಬ್ಬ ಹೆಣ್ಣುಮಗಳು ಅದನ್ನು ನೋಡಿ ಹೋದವಳು, ಪಕ್ಕದ ಬೆಡ್‌ನವರ ಬ್ಯಾಗ್ ನೆಲದ ಮೇಲಿದ್ದರೆ ಎತ್ತಿ ಕಟ್ಟಿಸುತ್ತಿದ್ದಳು. ಮುಟ್ಟುವ ಮುಂಚೆ ಕೈ ಉಜ್ಜಿಕೊಳ್ಳಬೇಕು ಎಂದು ಆಮೇಲೆ ಹೇಳಿಕೊಟ್ಟೆ.

ಕೈ ಬಗ್ಗೆ ಬರೆಯದೆ ಈ ಕಥೆ ಮುಗಿಯುವುದಿಲ್ಲ. 1847ರಲ್ಲೇ ವಿಯೆನ್ನಾದ ಹೆರಿಗೆ ವಾರ್ಡ್‌ನಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್, ಡಾಕ್ಟರುಗಳು ಕ್ಲೋರಿನ್ ನೀರಲ್ಲಿ ಕೈ ತೊಳೆದರೆ ಬಾಣಂತಿಯರ ಸಾವು ಇಳಿಯುತ್ತದೆ ಎಂದು ತೋರಿಸಿದ್ದರು. ಇಷ್ಟು ವರ್ಷದ ಮೇಲೂ ಅದೇ ಕೈ, ಅದೇ ಹೋರಾಟ. ವಿಶ್ವ ಆರೋಗ್ಯ ಸಂಸ್ಥೆ ಐದು ಹೊತ್ತು ಹೇಳುತ್ತದೆ: ರೋಗಿಯನ್ನು ಮುಟ್ಟುವ ಮುಂಚೆ, ಪೈಪ್ ಅಥವಾ ಗಾಯದಂಥ ಶುದ್ಧ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಸುತ್ತಲಿನ ಬೆಡ್ ಮಾನಿಟರ್ ಮುಟ್ಟಿದ ಮೇಲೆ. ನಮ್ಮಲ್ಲಿ ಮೂರನೆಯದು ಎಲ್ಲರೂ ಮಾಡುತ್ತಿದ್ದರು, ಅಸಹ್ಯ ಅನಿಸುತ್ತದಲ್ವಾ. ಮೊದಲ ಎರಡು ತಪ್ಪುತ್ತಿದ್ದವು. ಅಂದರೆ ನಮ್ಮನ್ನು ನಾವು ಕಾಪಾಡಿಕೊಳ್ಳುತ್ತಿದ್ದೆವು, ರೋಗಿಯನ್ನು ಕಾಪಾಡುವ ಹೊತ್ತು ಬಿಟ್ಟುಹೋಗುತ್ತಿತ್ತು.

ಸ್ಯಾನಿಟೈಸರ್ ಬಾಟಲಿ ಬಾಗಿಲ ಹತ್ತಿರ ಇತ್ತು. ಒಂದು ಬೆಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಬಾಗಿಲಿಗೆ ಯಾರು ಹೋಗುತ್ತಾರೆ? ಪ್ರತಿ ಬೆಡ್‌ನಲ್ಲಿ ರೋಗಿ ಕಾಲು ಚಾಚುವ ಕಡೆಗೆ ಒಂದೊಂದು ಬಾಟಲಿ ಕಟ್ಟಿಸಿದೆವು. ಇನ್ನೊಂದು ವಿಷಯ ರಾಯಚೂರಿನ ಬೇಸಿಗೆಯದು. ಏಪ್ರಿಲ್ ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಎಸಿ ಇಲ್ಲದ ವಾರ್ಡ್‌ಗಳಲ್ಲಿ ಫ್ಯಾನ್ ಕೆಳಗೆ ನಿಂತು ಸ್ವಲ್ಪವೇ ಹಾಕಿಕೊಂಡರೆ ಕೈ ತಕ್ಷಣ ಒಣಗಿಬಿಡುತ್ತದೆ. 20ರಿಂದ 30 ಸೆಕೆಂಡ್ ಕೈ ಒದ್ದೆ ಇದ್ದು, ಬೆರಳ ತುದಿ, ಹೆಬ್ಬೆರಳು, ಬೆರಳ ಸಂದಿ ಎಲ್ಲ ಉಜ್ಜಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಅಂಗೈ ತುಂಬ ಹಾಕಿಕೊಳ್ಳಿ, ಉಳಿಸಬೇಡಿ ಎಂದು ಹೇಳುತ್ತಲೇ ಇರುತ್ತೇನೆ. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿದ್ದರೆ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಭೇದಿ ರೋಗಿಗಳನ್ನು ನೋಡಿದ ಮೇಲೂ ಸೋಪೇ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳನ್ನು ಸ್ಯಾನಿಟೈಸರ್‌ನಲ್ಲಿರುವ ಸ್ಪಿರಿಟ್ ಕೊಲ್ಲುವುದಿಲ್ಲ.

ನಾನು ಪುಸ್ತಕ ಹಿಡಿದು ನಿಂತರೆ ಎಲ್ಲರೂ ಕೈ ಉಜ್ಜುತ್ತಾರೆ. ಹಾಗಾಗಿ ಎಷ್ಟು ಲೀಟರ್ ಸ್ಯಾನಿಟೈಸರ್ ಖರ್ಚಾಯಿತು ಎಂದೂ ನೋಡುತ್ತೇನೆ. 1000 ರೋಗಿ ದಿನಕ್ಕೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಒಂದು ದಿನ ಇದ್ದರೆ ಅದು ಒಂದು ರೋಗಿ ದಿನ) ಕನಿಷ್ಠ 20 ಲೀಟರ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಳತೆ ಇಟ್ಟಿದೆ. ನಾನಿಲ್ಲದ ರಾತ್ರಿ ಏನಾಯಿತು ಎಂದು ಖಾಲಿ ಬಾಟಲಿಗಳು ಹೇಳುತ್ತವೆ.

ಬಳೆಯ ವಿಷಯ ಸೂಕ್ಷ್ಮ. ಉಂಗುರ, ವಾಚ್, ಬಳೆಗಳ ಕೆಳಗೆ ಕೈ ಶುದ್ಧ ಆಗುವುದಿಲ್ಲ. ಆದರೆ ನಮ್ಮ ಕಡೆ ಮದುವೆಯಾದ ಹೆಣ್ಣುಮಗಳಿಗೆ ಹಸಿರು ಗಾಜಿನ ಬಳೆ ತೆಗೆಯಿರಿ ಅಂದರೆ ಅದು ಕೆಟ್ಟ ಮಾತಾಗಿ ಕೇಳುತ್ತದೆ. ನೋಟಿಸ್ ಹಾಕಿ ಮಾಡಿಸುವ ಕೆಲಸ ಇದಲ್ಲ ಅನಿಸಿತು. ಇಬ್ಬರು ಹಿರಿಯ ಸಿಸ್ಟರ್‌ಗಳ ಜೊತೆ ಮಾತಾಡಿದೆ. ಅವರು ತಾವೇ ಮೊದಲು ಡ್ಯೂಟಿ ಹೊತ್ತಿಗೆ ಬಳೆ ತೆಗೆದು ಲಾಕರ್‌ನಲ್ಲಿಟ್ಟರು. ತಾಳಿ ಯೂನಿಫಾರ್ಮ್ ಒಳಗೆ, ಕಾಲುಂಗುರ ಹಾಗೇ. ಅತ್ತೆ ಏನಂತಾರೆ ಎಂದು ಹೆದರಿದ್ದ ಹುಡುಗಿಯರಿಗೆ ಅವರೇ ಧೈರ್ಯ ಹೇಳಿದರು. ಇನ್ನೂ ಒಪ್ಪದವರಿದ್ದಾರೆ. ಅವರಿಗೆ ಬೈಯುವುದಿಲ್ಲ.

ನನಗೆ ಜಾಸ್ತಿ ಕಲಿಸಿದ್ದು ಹೌಸ್‌ಕೀಪಿಂಗ್ ಅಕ್ಕಂದಿರು. ಕಾಂಟ್ರಾಕ್ಟ್ ಮೇಲೆ ಬರುವವರು, ಅವರನ್ನು ಯಾವ ಮೀಟಿಂಗ್‌ಗೂ ಯಾರೂ ಕರೆಯುತ್ತಿರಲಿಲ್ಲ. ಒಂದು ದಿನ ಬೆಡ್‌ನ ಕಂಬಿ ಮೇಲಿನ ಕಲೆ ತೋರಿಸಿ ಇದನ್ನು ಯಾರು ಒರೆಸುತ್ತಾರೆ ಎಂದು ಕೇಳಿದೆ. "ನೆಲ ನಮ್ದುರೀ ಅಕ್ಕಾರ, ಬೆಡ್ ಸಿಸ್ಟರ್‌ಗಳ್ದು" ಅಂದಳು ಒಬ್ಬಾಕೆ. ಸಿಸ್ಟರ್‌ಗಳನ್ನು ಕೇಳಿದರೆ, ಒರೆಸುವುದೆಲ್ಲ ಹೌಸ್‌ಕೀಪಿಂಗ್ ಅಂದರು. ಅಂದರೆ ಬೆಡ್ ಕಂಬಿ, ಮಾನಿಟರ್ ಬಟನ್, ಡ್ರಿಪ್ ಸ್ಟ್ಯಾಂಡ್, ಬಿಪಿ ಪಟ್ಟಿ ಇವು ಯಾರದ್ದೂ ಅಲ್ಲ. ಕೈಗಳು ದಿನವಿಡೀ ಮುಟ್ಟುವುದು ಇವನ್ನೇ. ಅಸಿನೆಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಇಂಥ ಒಣ ಮೈಮೇಲೆ ದಿನಗಟ್ಟಲೆ, ವಾರಗಟ್ಟಲೆ ಬದುಕುತ್ತದೆ. ಅಂದೇ ಕೂತು ಯಾವ ವಸ್ತು ಯಾರು, ಯಾವ ಹೊತ್ತಿಗೆ ಎಂದು ಹಂಚಿಕೊಂಡೆವು. ಅಕ್ಕಂದಿರೂ ಆ ಮೀಟಿಂಗ್‌ನಲ್ಲಿದ್ದರು. ಬಕೆಟ್ ಸಾಲದು, ಹಾಗಾಗಿ ಒಂದೇ ನೀರಲ್ಲಿ ಪೂರ್ತಿ ಒರೆಸಬೇಕಾಗುತ್ತದೆ ಎಂದು ಹೇಳಿದ್ದೂ ಅವರೇ. ಹೈಪೋ ದ್ರಾವಣದ (ಸೋಂಕು ಕಳೆಯುವ ಬ್ಲೀಚ್) ಕ್ಯಾನ್ ಬಿಸಿಲು ಬೀಳುವ ಕಿಟಕಿ ಪಕ್ಕ ಇರುತ್ತಿತ್ತು. ಬಿಸಿಲಿಗೆ, ಬಿಸಿಗೆ ಅದರ ಶಕ್ತಿ ಹೋಗುತ್ತದೆ. ಅದನ್ನು ಕತ್ತಲೆ ಕೋಣೆಗೆ ಸಾಗಿಸಿದೆವು. ರಕ್ತ ಚೆಲ್ಲಿದ ಕಡೆಗೆ 1 ಪರ್ಸೆಂಟ್ ಬೇಕು. ನಮ್ಮದು 5 ಪರ್ಸೆಂಟ್ ಕ್ಯಾನ್, ಅದರ 1 ಪಾಲಿಗೆ 4 ಪಾಲು ನೀರು. ದಿನಾ ಹೊಸದಾಗಿ ಮಾಡಿ ಡಬ್ಬಿ ಮೇಲೆ ತಾರೀಕು ಬರೆಯುತ್ತಾರೆ.

ಇದೇ ಹೊತ್ತಿಗೆ ಐಸಿಯುಗೆ ವಾರಕ್ಕೊಮ್ಮೆ ಫ್ಯೂಮಿಗೇಷನ್ ಮಾಡಿಸೋಣ ಎಂಬ ಮಾತು ಬಂತು. ಹೊಗೆ ಬಿಟ್ಟರೆ ಎಲ್ಲ ಸಾಯುತ್ತದೆ ಎಂದು ಜನ ನಂಬುತ್ತಾರೆ. ನಾನು ಒಪ್ಪಲಿಲ್ಲ. ಕೊಳೆ ಇರುವ ಕಂಬಿಯನ್ನು ಹೊಗೆ ಒರೆಸುವುದಿಲ್ಲ, ಮಾಮೂಲಿಯಾಗಿ ಹಾಗೆ ಮಾಡಿ ಎಂದು ಮಾರ್ಗಸೂಚಿಗಳೂ ಹೇಳುವುದಿಲ್ಲ. ಆ ದುಡ್ಡಿಗೆ ಬಟ್ಟೆ, ಬಕೆಟ್, ಇನ್ನೊಬ್ಬ ಅಕ್ಕನ ಸಂಬಳ ಕೊಡಿ ಎಂದೆ. ಬಟ್ಟೆ, ಬಕೆಟ್ ಬಂದವು. ಚಪ್ಪಲಿಯ ಕಥೆಯೂ ಅಷ್ಟೇ. ಐಸಿಯು ಹೊರಗೆ ಚಪ್ಪಲಿ ಬಿಡದಿದ್ದರೆ ಎಲ್ಲರೂ ಗದರುತ್ತಾರೆ, ಕೈ ಉಜ್ಜದೆ ಒಳಗೆ ಹೋಗಿ ರೋಗಿಯ ಕೆನ್ನೆ ಸವರಿದರೆ ಯಾರೂ ಕೇಳುವುದಿಲ್ಲ. ಸೋಂಕು ಸಾಗುವುದು ಹೆಚ್ಚಾಗಿ ಕೈಯಿಂದಲೇ.

ಫಲ ಸಿಕ್ಕಿತಾ? ಸಿಕ್ಕಿತು, ಆದರೆ ಲೆಕ್ಕ ಒಂದು ಸಲ ನಮ್ಮನ್ನೇ ಗಾಬರಿ ಮಾಡಿತು. ಪೈಪ್‌ಗಳು ಕಡಿಮೆಯಾದವು, ಸೋಂಕು ಕಡಿಮೆಯಾಯಿತು, ಆದರೆ ತಿಂಗಳ ವರದಿಯಲ್ಲಿ ದರ ಏರಿತ್ತು. ಆಡಳಿತದವರು ಕರೆದು ಕೇಳಿದರು. ಉದಾಹರಣೆ ಹಾಕಿ ತೋರಿಸಿದೆ. 300 ಕ್ಯಾಥೆಟರ್ ದಿನಕ್ಕೆ 3 ಸೋಂಕು ಅಂದರೆ ಸಾವಿರಕ್ಕೆ 10. ಪೈಪ್ ತೆಗೆದು ತೆಗೆದು ದಿನ 150ಕ್ಕೆ ಇಳಿದು, ಸೋಂಕು 2 ಆದರೆ ಸಾವಿರಕ್ಕೆ 13 ದಾಟುತ್ತದೆ. ಒಬ್ಬ ರೋಗಿ ಸೋಂಕಿನಿಂದ ಪಾರಾಗಿದ್ದಾನೆ, ಕಾಗದದಲ್ಲಿ ಮಾತ್ರ ನಾವು ಕೆಟ್ಟಿದ್ದೇವೆ. ನಿಜವಾಗಿ ಬೇಕಾದವರಿಗೆ ಮಾತ್ರ ಪೈಪ್ ಉಳಿದಾಗ ಹೀಗಾಗುತ್ತದೆ, ಯಾಕೆಂದರೆ ಅವರು ಜಾಸ್ತಿ ಕಾಯಿಲೆಯವರು. ಅಂದಿನಿಂದ ದರದ ಪಕ್ಕದಲ್ಲಿ ಇನ್ನೆರಡು ಅಂಕಿ ಇಡುತ್ತೇವೆ: ಒಟ್ಟು ಎಷ್ಟು ಜನರಿಗೆ ಸೋಂಕಾಯಿತು, ನೂರು ರೋಗಿ ದಿನಗಳಲ್ಲಿ ಎಷ್ಟು ದಿನ ಪೈಪ್ ಇತ್ತು. ಸೊನ್ನೆಗೆ ಇನ್ನೂ ಬಂದಿಲ್ಲ. ಸಿಬ್ಬಂದಿ ರಜೆ ಜಾಸ್ತಿ ಇರುವ ತಿಂಗಳು, ಹೊಸಬರು ಸೇರಿದ ತಿಂಗಳು ಏರುತ್ತದೆ. ಆಗ ಯಾರ ಕೈವಾಡ ಎಂದು ಹುಡುಕುವುದಿಲ್ಲ, ಯಾವ ವಸ್ತು ಯಾವ ಜಾಗದಲ್ಲಿಲ್ಲ ಎಂದು ಹುಡುಕುತ್ತೇನೆ. ಹೆದರಿದ ನರ್ಸ್ ಜ್ವರ ಮುಚ್ಚಿಟ್ಟರೆ ನನ್ನ ರಿಜಿಸ್ಟರ್ ಚೆನ್ನಾಗಿರುತ್ತದೆ, ರೋಗಿ ಚೆನ್ನಾಗಿರುವುದಿಲ್ಲ.

ಈಗ ಸರ್ಜರಿ ವಾರ್ಡ್ ಕಡೆ ಹೊರಳಿದ್ದೇವೆ. ಆಪರೇಷನ್ ಹಿಂದಿನ ರಾತ್ರಿ ಬ್ಲೇಡಿನಿಂದ ಕೂದಲು ಬೋಳಿಸುವ ಪದ್ಧತಿ ಅಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಬ್ಲೇಡ್ ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ಬೆಳಗಾಗುವಷ್ಟರಲ್ಲಿ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಕೂದಲು ಹಾಗೇ ಬಿಡಿ, ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕ್ಲಿಪ್ಪರ್ ಬಂದಿದೆ. ಅದರ ತಲೆಯನ್ನು ಪ್ರತಿ ರೋಗಿಗೂ ಬದಲಿಸುವ ಖರ್ಚಿನ ಬಗ್ಗೆ ಚರ್ಚೆ ನಡೀತಾ ಇದೆ. ಒಬ್ಬ ಸರ್ಜನ್ ಒಪ್ಪಿದ್ದಾರೆ, ಇನ್ನೊಬ್ಬರು ನಿಮ್ಮ ಅಂಕಿ ತೋರಿಸಿ ಅಂದಿದ್ದಾರೆ. ಹಾಗಾಗಿ ಡಿಸ್ಚಾರ್ಜ್ ಆದವರಿಗೆ 30 ದಿನದವರೆಗೆ ಫೋನ್ ಮಾಡಿ ಗಾಯ ಹೇಗಿದೆ ಎಂದು ಕೇಳುತ್ತಿದ್ದೇನೆ. ಹೊಲದಲ್ಲಿರುವವರು ಸಂಜೆ ಮೇಲೆ ಮಾತ್ರ ಫೋನ್ ಎತ್ತುತ್ತಾರೆ, ಆದ್ದರಿಂದ ಆ ಕರೆಗಳನ್ನು ಡ್ಯೂಟಿ ಮುಗಿದ ಮೇಲೆ ಮಾಡುತ್ತೇನೆ.